ಮಾವನ ಬಿ.ಪಿ. ಚೀಟಿಗಳು

ನನ್ನ ಸೋದರಮಾವ ಮೂವತ್ತು ವರ್ಷ ತೆಲುಗು ಸೀಮೆಯ ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಮಾತ್ರೆ ತಯಾರಿಸಿದವರು, ಒಂದನ್ನೂ ನುಂಗಿದವರಲ್ಲ! ಆಸ್ಪತ್ರೆಯೆಂದರೆ ಅವರಿಗೆ ಅಷ್ಟು ಭಯ. ನನ್ನ ಹರ್ನಿಯಾ ಆಪರೇಷನ್ ಆದಾಗ ಬೀದರಿನಿಂದ ಬಂದ ನೆಂಟರೆಲ್ಲ ಮಂಚದ ಸುತ್ತ ನಿಂತಿದ್ದರೆ, ಇವರು ಗೇಟಿನಾಚೆಯ ಚಹಾದಂಗಡಿಯಿಂದ ಫೋನ್ ಮಾಡಿ, "ಕಿಟಕಿಗೆ ಬಾರೋ, ಮಾರಿ ನೋಡಿ ಹೋಗ್ತೀನಿ" ಎಂದರು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಹೋದೆ, ಏನು ಮಾಡುವುದು?

ಇಂಥವರ ಮುಂದೆ ನನ್ನ ಮಗಳು, "ಅಜ್ಜಾ, ನಾ ಬಿಎಸ್ಸಿ ನರ್ಸಿಂಗ್ ಮಾಡಾಕಿ" ಎಂದಳು. ಮಾವ ಬೆಚ್ಚಿಬೀಳುತ್ತಾರೆಂದು ಕಾದೆ. ಬಿದ್ದವನು ನಾನು! ಸೀಟು ಸಿಗಬಹುದಾದ ಕಾಲೇಜುಗಳು ಮೂರು. ಶನಿವಾರದೊಳಗೆ ಒಂದನ್ನು ಒಪ್ಪಿಕೊಳ್ಳಬೇಕು. ತಪ್ಪಿ ಏನೂ ಕಲಿಸದ ಕಾಲೇಜಿಗೆ ಸೇರಿಸಿಬಿಟ್ಟರೆ? ನಾಲ್ಕು ವರ್ಷ ಹಾಳಲ್ಲವೇ? ಮೂರೂ ಬ್ರೋಷರುಗಳನ್ನು ಹರಡಿಕೊಂಡು ಕೂತೆ. ಮೂರರಲ್ಲೂ ಅದೇ ಬಿಳಿ ಟೋಪಿಯ ಹುಡುಗಿ ಅದೇ ನಗೆ ನಗುತ್ತಿದ್ದಳು.

"ಚಿತ್ರ ನೋಡಿ ಕಾಲೇಜ್ ಹುಡುಕ್ತಿಯೇನೋ, ಹುಚ್ಚಪ್ಪ?" ಎಂದರು ಮಾವ. "ನಮ್ಮ ಫ್ಯಾಕ್ಟರಿಯಾಗ ಡಬ್ಬಿ ನೋಡಿ ಮಾಲು ಬಿಡ್ತಿದ್ದಿಲ್ಲ. ಸ್ಯಾಂಪಲ್ ತಗೀತಿದ್ವಿ!"

ಸ್ಯಾಂಪಲ್ ಅಂದರೆ? ಕಾಲೇಜಿನ ಆಸ್ಪತ್ರೆಗೆ ಹೋಗಿ, ಕಲಿಯುತ್ತಿರುವ ಹುಡುಗಿಯೊಬ್ಬಳ ಮುಂದೆ ತೋಳು ಚಾಚಿ ಬಿ.ಪಿ. ನೋಡಿಸಿಕೊಳ್ಳುವುದು! ಯಾರು? ಇವರು! ನಾನು ನಂಬಲಿಲ್ಲ.

ಬುಧವಾರ ನಾಂಪಲ್ಲಿ ಹತ್ತಿರದ ಕಾಲೇಜಿಗೆ ಹೋಗಿಬಂದರು. "ರದ್ದು!"

"ಯಾಕ್ರಿ ಮಾವ?"

"ಹಾಸಿಗಿ ಮ್ಯಾಲ ಒಂದ್ ಸುಕ್ಕಿಲ್ಲೋ! ಪೇಷಂಟೇ ಇಲ್ಲದ ದವಾಖಾನಿ. ಇಕಿ ನಾಲ್ಕ್ ವರ್ಷ ಯಾರ ನಾಡಿ ಹಿಡೀಬೇಕು, ಗ್ವಾಡೀದೇನು?"

ಗುರುವಾರ ಎರಡನೆಯದು. ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ರೋಗಿಗಳಂತೆ. ನನಗೆ ಆಸೆ ಹುಟ್ಟಿತು.

"ಅದೂ ರದ್ದು! ಆ ಹುಡುಗಿ ತೋಳಿಗೆ ಪಟ್ಟಿ ಕಟ್ಟಿದ್ಲು, ನಂಬರ್ ಬರದ್ಲು, ಮಾರಿ ಎತ್ತಿ ನೋಡಲೇ ಇಲ್ಲ. ನನ್ನ ಜೀವ ಹೋಗಿದ್ರೂ ಆಕೀಗೆ ಗೊತ್ತಾಗ್ತಿದ್ದಿಲ್ಲ!"

ಶುಕ್ರವಾರ ಲಿಂಗಂಪಲ್ಲಿ ಹತ್ತಿರದ್ದು, ಕೊನೆಯದು. ನಾನು ಮನೆಯಲ್ಲಿ ಕುಳಿತೇ ಉಗುರು ಕಚ್ಚಿ ಮುಗಿಸಿದೆ. ಈ ಶೋಧಕ್ಕೆ ನನ್ನ ಕೊಡುಗೆ ಅಷ್ಟೇ! ಮಾವ ಸಂಜೆ ಬಂದರು. "ಇದ ಕಾಲೇಜು. ಸೀಟ್ ತಗೋ."

"ಕಾರಣ?"

"ಕಾರಣ ಗೀರಣ ಭಾಳ ಕೇಳಬ್ಯಾಡ. ಸ್ಯಾಂಪಲ್ ಪಾಸ್" ಎಂದು ಅಂಗಿ ಕಳಚಿ ಗೂಟಕ್ಕೆ ಹಾಕಿ ಮುಖ ತೊಳೆಯಲು ಹೋದರು.

ನನಗೆ ಅಷ್ಟಕ್ಕೆ ಸಮಾಧಾನವಾದೀತೇ? ಅಂಗಿಯ ಜೇಬಿಗೆ ಕೈ ಹಾಕಿದೆ. ಮೂರು ಚೀಟಿಗಳಿದ್ದವು. ಮೊದಲೆರಡರಲ್ಲಿ ಬರೆದಿದ್ದ ಬಿ.ಪಿ. ಓದಿ ನನ್ನದೇ ಏರಿತು! ಮೂರನೆಯದರಲ್ಲೂ ಅಷ್ಟೇ ಇತ್ತು, ಆದರೆ ಅದನ್ನು ಹೊಡೆದುಹಾಕಿ ಕೆಳಗೆ ಮತ್ತೊಂದು ಬರೆದಿತ್ತು, ಹೆಚ್ಚುಕಡಿಮೆ ಎಲ್ಲರಿಗೂ ಇರುವಷ್ಟು. ಪಕ್ಕದಲ್ಲಿ ತೆಲುಗಿನಲ್ಲಿ, ಇನ್ನೂ ಪಳಗದ ಅಕ್ಷರದಲ್ಲಿ, ಎರಡು ಸಾಲು: ತಾತ ತುಂಬಾ ಹೆದರಿದ್ದರು. ಸ್ವಲ್ಪ ಹೊತ್ತು ಕೈ ಹಿಡಿದು ಕೂತು ಮತ್ತೆ ನೋಡಿದೆ.

ಚೀಟಿಗಳನ್ನು ಇದ್ದಂತೆಯೇ ಮಡಚಿ ಜೇಬಿಗಿಟ್ಟೆ.

ಮರುದಿನ ಸೀಟು ಒಪ್ಪಿಕೊಳ್ಳಲು ಮೂವರೂ ಹೋದೆವು. ಗೇಟು ಬಂದೊಡನೆ ಮಾವ ಎದುರಿನ ಚಹಾದಂಗಡಿಯತ್ತ ತಿರುಗಿದರು. "ನೀವು ನಡೀರಿ. ನನ್ನ ಕೆಲಸ ಮುಗೀತು."

ನಾಲ್ಕು ಹೆಜ್ಜೆ ಹೋಗಿದ್ದ ಮಗಳು ಹಿಂತಿರುಗಿ ಬಂದು ಅವರ ಕೈ ಹಿಡಿದಳು. "ಬಾ ಅಜ್ಜಾ, ನಾ ಅದೀನಿ."

ಅವಳಿಗೆ ಇನ್ನೂ ಒಂದು ಪಾಠವೂ ಆಗಿರಲಿಲ್ಲ.