ಅಂಗಿಯ ತೋಳು ದಾಟಿದ ಹುಲಿ ನಾಲಿಗೆ

ಬೆಳಿಗ್ಗೆ ಎದ್ದ ಕೂಡಲೇ ಕೆಲವರಿಗೆ ಕಾಫಿ ಸಿಗುತ್ತದೆ. ನನಗೆ ಮೊದಲು ಫಜೀತಿ, ಕಾಫಿ ಆಮೇಲೆ. ನನ್ನ ಹಣೆಬರಹ ಬರೆಯುವಾಗ ಬ್ರಹ್ಮನಿಗೆ ನಗು ತಡೆಯಲಾಗದೆ ಕೈ ಅಲುಗಿರಬೇಕು. ಇಲ್ಲದಿದ್ದರೆ ಕೆಲಸ ಸಿಕ್ಕಿದ ಖುಷಿಗೆ ಆ ಕೆಲಸದಲ್ಲಿ ನಿಷೇಧವಾದದ್ದನ್ನೇ ಮೈಮೇಲೆ ಬರೆಸಿಕೊಂಡು ಬರುವ ಗಂಡಸು ಇಡೀ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬ ಇದ್ದಾನೆಯೇ ಹೇಳಿ.

ಕೊರೊನಾ ವರ್ಷದಲ್ಲಿ ನಾನಿದ್ದ ಟ್ರಾವೆಲ್ ಏಜೆನ್ಸಿ ಬಾಗಿಲು ಮುಚ್ಚಿತು. ಎರಡು ವರ್ಷ ಊರೆಲ್ಲ ಪಾರ್ಸೆಲ್ ಹಂಚಿದೆ. ಕೊನೆಗೆ ಲಾಂಗ್ ಬೀಚಿನ ಒಂದು ಹಳೆಯ ಹೋಟೆಲಿನಲ್ಲಿ ಫ್ರಂಟ್ ಡೆಸ್ಕ್ ಕೆಲಸ ಸಿಕ್ಕಿತು. ತೊಂಬತ್ತು ದಿನ ಪರೀಕ್ಷೆ, ಪಾಸಾದರೆ ಕಾಯಂ, ಜೊತೆಗೆ ಹೆಲ್ತ್ ಇನ್ಶೂರೆನ್ಸ್. ಹೆಂಡತಿಯ ಮೊಣಕಾಲಿನ ಆಪರೇಷನ್ ಆ ಇನ್ಶೂರೆನ್ಸಿಗೆ ಕಾದು ಕೂತಿತ್ತು. ಪಾಪ, ಅವಳು ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರ ಹೆಸರು ಹೇಳುತ್ತಿದ್ದಳು. ಮೂರನೇ ಮಹಡಿಗೆ ಬರುವಷ್ಟರಲ್ಲಿ ದೇವರುಗಳ ಸ್ಟಾಕ್ ಖಾಲಿ.

ಕೆಲಸಕ್ಕೆ ಸೇರಲು ಎರಡು ವಾರ ಇತ್ತು. ಖುಷಿಯಲ್ಲಿ ಸ್ಯಾನ್ ಡಿಯಾಗೊದ ಭಾವಮೈದುನನ ಮನೆಗೆ ಹೋದೆವು. ಊಟಕ್ಕೆ ಕೂತಾಗ ನಾನು ಉಡುಪಿಯ ಅಷ್ಟಮಿಯಲ್ಲಿ ನಾಲ್ಕು ವರ್ಷ ಹುಲಿವೇಷ ಕುಣಿದ ಕಥೆ ಹೇಳಿದೆ. (ಹೆಂಡತಿಯ ಪ್ರಕಾರ ಒಂದೇ ವರ್ಷ, ಅದೂ ಬೇರೆ ಹುಲಿಯ ಬಾಲ ಹಿಡಿದುಕೊಂಡು.) "ಅಷ್ಟು ಹುಲಿಯಾದರೆ ತೋಳಿನ ಮೇಲೆ ಹಾಕಿಸಿಕೊಳ್ಳಿ ಭಾವ" ಎಂದ. ಹುಲಿಗೆ ಸವಾಲೇ? ಬೀಚಿನ ಪಕ್ಕದ ಟ್ಯಾಟೂ ಅಂಗಡಿಗೆ ಹೋಗಿ ಎಡತೋಳು ಚಾಚಿದೆ. "ನಾಲಿಗೆ ಮಾತ್ರ ನಮ್ಮೂರಿನ ಹುಲಿಯ ಹಾಗೆ ಉದ್ದ ಇರಲಿ" ಎಂದೆ. ಅಂಗಡಿಯವನು ಮಾತು ಉಳಿಸಿಕೊಂಡ.

ಕೆಲಸದ ಮೊದಲ ದಿನ ಯೂನಿಫಾರ್ಮ್ ಕೊಟ್ಟರು. ನೀಲಿ ಬಣ್ಣದ ಗಿಡ್ಡ ತೋಳಿನ ಅಂಗಿ. ಜೊತೆಗೊಂದು ನಿಯಮ: ಟ್ಯಾಟೂ ಕಾಣಬಾರದು, ಧಾರ್ಮಿಕ ಗುರುತುಗಳಿಗೆ ಮಾತ್ರ ವಿನಾಯಿತಿ. ಅಂಗಿ ಮನೆಗೆ ತಂದು ತೊಟ್ಟು ಕನ್ನಡಿ ನೋಡಿದೆ. ಹುಲಿಯ ಮುಖ ಪೂರ್ತಿ ತೋಳಿನೊಳಗೆ. ನಾಲಿಗೆ ಮಾತ್ರ ಮೂರು ಬೆರಳಷ್ಟು ಹೊರಗೆ, ಕೆಂಪಗೆ.

"ಹೋಗಿ ಒಪ್ಪಿಕೊಂಡುಬಿಡಿ" ಎಂದಳು ಹೆಂಡತಿ.

"ಹುಲಿ ತಪ್ಪೊಪ್ಪಿಗೆ ಬರೆದುಕೊಡುವುದಿಲ್ಲ" ಎಂದೆ. ಮೂರು ಬೆರಳಿನ ನಾಲಿಗೆ, ತೊಂಬತ್ತು ದಿನ. ಇಂಥ ಲೆಕ್ಕಕ್ಕೆಲ್ಲ ಹೆದರುವ ಜನ್ಮವಲ್ಲ ಇದು.

೧. ಮೂರು ಎಕ್ಸ್ ಅಂಗಿ

ಮೊದಲ ಉಪಾಯ ಸರಳ. ನನ್ನ ಅಳತೆ ಮೀಡಿಯಂ, ಸ್ಟೋರಿನವಳ ಹತ್ತಿರ ಮೂರು ಎಕ್ಸ್ ಲಾರ್ಜ್ ಕೇಳಿ ಪಡೆದೆ. ತೋಳು ಮೊಣಕೈ ದಾಟಿ ಬಂತು, ನಾಲಿಗೆ ಮಾಯ. ಆದರೆ ಅಂಗಿಯೊಳಗೆ ನಾನೂ ಮಾಯವಾದೆ. ಗದ್ದೆಯಲ್ಲಿ ನಿಲ್ಲಿಸಿದ್ದರೆ ಒಂದು ಕಾಗೆಯೂ ಹತ್ತಿರ ಬರುತ್ತಿರಲಿಲ್ಲ.

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಎಷ್ಟು ತೂಕ ಇಳಿದಿದ್ದೀರಿ? ಡಾಕ್ಟರ್ ಏನಂದರು?"

ಇಲ್ಲ ಎನ್ನುವ ಹಾಗಿಲ್ಲ, ಹೌದು ಎನ್ನುವ ಹಾಗಿಲ್ಲ. ಆಕಾಶ ನೋಡಿ ನಿಟ್ಟುಸಿರು ಬಿಟ್ಟೆ. ಅಷ್ಟೇ ಸಾಕಾಯಿತು. ಮರುದಿನದಿಂದ ಹೌಸ್‌ಕೀಪಿಂಗಿನ ಅಮ್ಮ ಮೆಕ್ಸಿಕೋದ ಕಡುಬು ತಮಾಲೆ ತಂದಳು, ಅಡುಗೆಮನೆಯವನು ಚೀಸ್ ಸುರಿದ ಪಾಸ್ತಾ ತಂದ, ಸೆಕ್ಯುರಿಟಿಯವನು ದಿನಕ್ಕೆರಡು ಡೋನಟ್. "ತಿನ್ನಿ, ಧೈರ್ಯವಾಗಿರಿ" ಎಂದು ಎಲ್ಲರೂ ಬೆನ್ನು ಸವರುವವರೇ. ಅನ್ನ ಬಿಡುವುದು ನಮ್ಮ ಮನೆತನದಲ್ಲಿಲ್ಲ. ಮೂರೇ ವಾರದಲ್ಲಿ ನನ್ನ ಹೊಟ್ಟೆ ಅಂಗಿಯನ್ನು ಹಿಡಿದು ಎಳೆಯಿತು, ತೋಳು ಮೇಲೇರಿತು, ಹುಲಿ ಮತ್ತೆ ನಾಲಿಗೆ ಚಾಚಿತು. ಅದಕ್ಕಿನ್ನೂ ಹೊಟ್ಟೆ ತುಂಬಿರಲಿಲ್ಲವೆಂದು ಕಾಣುತ್ತದೆ.

೨. ಬ್ಯಾಂಡೇಜು

ಈ ಸಲ ಔಷಧಿ ಅಂಗಡಿಯಿಂದ ಒಂದು ಸುರುಳಿ ಬಿಳಿ ಬ್ಯಾಂಡೇಜು ತಂದು ಸುತ್ತಿದೆ. ಯುದ್ಧದಿಂದ ವಾಪಸಾದ ವೀರನ ಹಾಗೆ ಡೆಸ್ಕಿನಲ್ಲಿ ನಿಂತೆ. ಐದೇ ನಿಮಿಷ. ಮ್ಯಾನೇಜರ್ ನಾಲ್ಕು ಪುಟದ ಫಾರ್ಮ್ ಹಿಡಿದು ಬಂದ.

"ಕೆಲಸದ ಜಾಗದಲ್ಲಿ ಆದ ಗಾಯವೇ?"

ಗಾಬರಿಯಲ್ಲಿ ಮನುಷ್ಯನ ತಲೆ ಅಲ್ಲಾಡುವುದು ಯಾವ ದಿಕ್ಕಿಗೆ ಅಂತ ಅವನ ಕೈಯಲ್ಲಿಲ್ಲ. ನನ್ನದು ಮೇಲೆ ಕೆಳಗೆ ಅಲ್ಲಾಡಿತು.

"ಎಲ್ಲಿ?"

ಕಣ್ಣಿಗೆ ಬಿದ್ದದ್ದು ಲಾಂಡ್ರಿ ಕೋಣೆಯ ಬಾಗಿಲು. "ಅದು ಬಡಿಯಿತು" ಎಂದೆ.

ನಮ್ಮೂರಿನಲ್ಲಾದರೆ "ಕಣ್ಣು ಎಲ್ಲಿತ್ತು?" ಎಂದು ಬೈದು ಮುಗಿಸುತ್ತಿದ್ದರು. ಇಲ್ಲಿ ಬಾಗಿಲಿಗೆ ಹಳದಿ ಪಟ್ಟಿ ಬಿಗಿದು ಸೀಲ್ ಮಾಡಿದರು. ತಜ್ಞರು ಬಂದು ಅಳತೆ ತೆಗೆದರು. ಎರಡು ದಿನ ಹೋಟೆಲಿನಲ್ಲಿ ಒಂದು ಟವೆಲ್ ಒಗೆಯಲಿಲ್ಲ. ನಾಲ್ಕನೇ ಮಹಡಿಯ ಗಿರಾಕಿಯೊಬ್ಬ ಕಿಟಕಿಯ ಪರದೆ ಸುತ್ತಿಕೊಂಡು ಲಿಫ್ಟಿನಲ್ಲಿ ಇಳಿದು ಬಂದು, ರೋಮನ್ ಚಕ್ರವರ್ತಿಯ ಹಾಗೆ ಡೆಸ್ಕಿನ ಮುಂದೆ ನಿಂತು, "ಇದಕ್ಕೆ ಯಾರು ಕಾರಣ?" ಎಂದು ಗುಡುಗಿದ.

"ತನಿಖೆ ನಡೆಯುತ್ತಿದೆ ಸರ್" ಎಂದೆ.

ತಜ್ಞರ ವರದಿ ಬಂತು: ಬಾಗಿಲು ನಿರ್ದೋಷಿ. ಆದರೂ ಹೊಸ ಬಾಗಿಲು ಹಾಕಿಸಿದರು. ಅಪಾಯವನ್ನು ಧೈರ್ಯವಾಗಿ ವರದಿ ಮಾಡಿದ್ದಕ್ಕೆ ನನಗೊಂದು ಪ್ರಶಸ್ತಿಪತ್ರ ಕೊಟ್ಟರು. ಮರುದಿನವೇ ಹೊಸ ಬಾಗಿಲು ನಿಜವಾಗಿಯೂ ನನಗೆ ಬಡಿಯಿತು. ನಾನು ಉಸಿರೆತ್ತಲಿಲ್ಲ.

೩. ಮದುಮಗಳ ಬಣ್ಣ

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಮೈಸೂರಿನ ಬೇಗಂ ಒಬ್ಬರಿದ್ದಾರೆ. ಲಾಸ್ ಏಂಜಲೀಸಿನ ಅರ್ಧ ಮದುವಣಗಿತ್ತಿಯರ ಮುಖ ಅವರ ಕೈಯಲ್ಲೇ ತಯಾರಾದದ್ದು. ಗಾಯವೆಂದು ಇನ್ನೆಷ್ಟು ದಿನ ಕಟ್ಟಿಕೊಂಡಿರಲಿ, ಬ್ಯಾಂಡೇಜು ಬಿಚ್ಚಿ ಅವರಿಗೆ ಹುಲಿಯ ನಾಲಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

"ಅಂಕಲ್, ಇದೇನು ದೊಡ್ಡ ಕೆಲಸ? ದುಲ್ಹನ್ ಮೇಕಪ್ ಹಾಕ್ತೀನಿ. ಅತ್ತರೂ ಹೋಗಲ್ಲ, ನಕ್ಕರೂ ಹೋಗಲ್ಲ, ಅತ್ತೆ ಬಂದು ಒರೆಸಿದರೂ ಹೋಗಲ್ಲ."

ನಾಲಿಗೆ ಹೋಯಿತು ನಿಜ. ಆ ಜಾಗದಲ್ಲಿ ಗೋಡೆಗೆ ತೇಪೆ ಹಾಕಿದ ಹಾಗೆ ಬೆಳ್ಳಗಿನ ಚೌಕ ಎದ್ದಿತು.

"ನನ್ನ ಬಣ್ಣದ್ದು ಇಲ್ಲವೇ?"

"ಇದ್ದ ಬಣ್ಣ ಯಾವ ದುಲ್ಹನ್ ಕೇಳ್ತಾಳೆ ಅಂಕಲ್? ಎಲ್ಲರಿಗೂ ಎರಡು ಶೇಡ್ ಮೇಲೇ ಬೇಕು. ತಡೀರಿ, ಮಿಕ್ಕಿದ್ದನ್ನೂ ಮ್ಯಾಚ್ ಮಾಡಿಬಿಡ್ತೀನಿ."

ಎರಡೂ ತೋಳು, ಕತ್ತು, ಆಮೇಲೆ ಮುಖ. ಫ್ರೀವೇಯಲ್ಲಿ ಟ್ರಾಫಿಕ್ ನಿಂತಾಗ ಪಕ್ಕದ ಕಾರಿನ ಮಗು ನನ್ನನ್ನು ನೋಡಿ ಕೈಮುಗಿಯಿತು. ಹೋಟೆಲಿಗೆ ಹೋದರೆ ಮ್ಯಾನೇಜರ್ ಕಣ್ಣು ಕಿರಿದು ಮಾಡಿ, "ಚೆನ್ನಾಗಿ ನಿದ್ದೆ ಮಾಡಿದ ಹಾಗಿದೆ" ಎಂದಷ್ಟೇ ಹೇಳಿದ. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಕ್ಯಾಮೆರಾ ಹಿಡಿದವನೊಬ್ಬ ಬಂದ. ಅವತ್ತು ಎಲ್ಲರ ಐಡಿ ಬ್ಯಾಡ್ಜಿಗೆ ಫೋಟೋ ತೆಗೆಯುವ ದಿನವಂತೆ. ಇವತ್ತಿಗೂ ನನ್ನ ಎದೆಯ ಮೇಲೆ ತೂಗುವ ಬ್ಯಾಡ್ಜಿನಲ್ಲಿರುವುದು ಈಗಷ್ಟೇ ಧಾರೆ ಮುಗಿಸಿ ಬಂದ ಯಾರೋ ಮದುಮಗಳು. ಮೀಸೆ ಒಂದು ಇರುವುದರಿಂದ ಸೆಕ್ಯುರಿಟಿಯವನು ಒಳಗೆ ಬಿಡುತ್ತಾನೆ.

೪. ಎಡಗೈಯ ಚಕ್ರ

ಬೇಗಂ ಮದುವೆ ಸೀಸನ್ನಿಗೆ ಊರೂರು ಸುತ್ತಲು ಹೊರಟರು. ಇನ್ನೂ ಒಂದು ತಿಂಗಳು ಬಾಕಿ. ಆಗ ದೇವರ ಗೂಡಿನಲ್ಲಿ ನನಗೆ ಗೋಪೀಚಂದನ ಕಾಣಿಸಿತು. ನಮ್ಮಲ್ಲಿ ಸ್ನಾನ ಮಾಡಿ ಆ ಹಳದಿ ಮಣ್ಣನ್ನು ತೇಯ್ದು, ಅಚ್ಚಿನಿಂದ ತೋಳಿನ ಮೇಲೆ ವಿಷ್ಣುವಿನ ಶಂಖ, ಚಕ್ರಗಳ ಮುದ್ರೆ ಒತ್ತಿಕೊಳ್ಳುವ ಪದ್ಧತಿ. ನಾನು ಒತ್ತಿಕೊಳ್ಳದೆ ಮೂವತ್ತು ವರ್ಷವಾಗಿತ್ತು. ಅಂದು ಭಕ್ತಿ ಉಕ್ಕಿ ಬಂತು. ದಪ್ಪಗೆ ತೇಯ್ದು ನಾಲಿಗೆಯ ಮೇಲೆ ಬಳಿದು, ಅಚ್ಚುಗಳಲ್ಲಿ ಎಲ್ಲಕ್ಕಿಂತ ಅಗಲವಾದ ಚಕ್ರವನ್ನು ಒತ್ತಿದೆ.

"ಇದೇನು?" ಎಂದ ಮ್ಯಾನೇಜರ್.

"ಧಾರ್ಮಿಕ" ಎಂದೆ.

ಕ್ಯಾಲಿಫೋರ್ನಿಯಾದ ಮ್ಯಾನೇಜರ್ ಆ ಪದ ಕೇಳಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. "ಖಂಡಿತ, ಖಂಡಿತ" ಎಂದು ಸರಿದ. ಇಪ್ಪತ್ತೊಂಬತ್ತು ದಿನ ನಿರಾತಂಕ.

ತೊಂಬತ್ತನೇ ದಿನ ಬಂತು. ಮ್ಯಾನೇಜರ್ ನನ್ನ ಕಾಯಮಾತಿಯ ಫಾರ್ಮ್ ಡೆಸ್ಕಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದ. ಅಷ್ಟರಲ್ಲಿ ಸ್ಯಾನ್ ಡಿಯಾಗೊದಿಂದ ಒಂದು ಮದುವೆ ದಿಬ್ಬಣ ಬಂದಿಳಿಯಿತು. ಎಲ್ಲರಿಗಿಂತ ಮುಂದೆ ಒಬ್ಬರು ಅಜ್ಜಿ, ಕೈಹಿಡಿದುಕೊಂಡು ಇಲ್ಲೇ ಹುಟ್ಟಿದ ಮೊಮ್ಮಗಳು. ಅಜ್ಜಿಯ ಕಣ್ಣು ನೇರ ನನ್ನ ತೋಳಿಗೆ ಬಿತ್ತು.

"ಓ, ನಮ್ಮವ ಉಂಟಲ್ಲ! ಯಾವ ಊರು ಮಾರಾಯ?"

"ಉಡುಪಿ ಅಜ್ಜಿ."

"ಉಡುಪಿಯವನಾಗಿ ಇದೆಂಥದು? ಚಕ್ರ ಬಲಗೈಗೆ, ಶಂಖ ಎಡಗೈಗೆ. ನೀನು ಎಡಗೈಗೆ ಚಕ್ರ ಒತ್ತಿದ್ದೀ! ಅದೂ ಏಕಾದಶಿ ದಿನ! ತಾ ಇಲ್ಲಿ."

ನಾನು ಕೈ ಎಳೆಯುವ ಮೊದಲೇ ಅಜ್ಜಿ ಹಿಡಿದಾಗಿತ್ತು. ಅದು ಎಪ್ಪತ್ತು ವರ್ಷ ತೆಂಗಿನಕಾಯಿ ತುರಿದ ಹಿಡಿತ. ಗಿರಾಕಿಗಳಿಗೆಂದು ಡೆಸ್ಕಿನ ಮೇಲಿಟ್ಟಿದ್ದ, ಸೌತೆಕಾಯಿ ಹೋಳು ತೇಲುವ ಕುಡಿಯುವ ನೀರಿನಲ್ಲಿ ಸೆರಗಿನ ತುದಿ ಅದ್ದಿದರು. ಒಂದು ಸಲ ಒರೆಸಿದರು, ಚಕ್ರ ಹೋಯಿತು. ಎರಡನೇ ಸಲ ಒರೆಸಿದರು, ಕೆಂಪು ನಾಲಿಗೆ ಬಂತು. ಅಂಗಿಯ ತೋಳು ಮೇಲೆ ಸರಿಸಿದರು. ಹುಲಿ ಪೂರ್ತಿ ಹೊರಗೆ.

"ಎಂಥ ಇದು, ಬೆಕ್ಕಾ?"

"ಹುಲಿ ಅಜ್ಜಿ."

"ದೇವರ ಮಣ್ಣನ್ನು ಬೆಕ್ಕಿಗೆ ಹೊದಿಸಿದ್ದೀಯಲ್ಲ, ನಾಚಿಕೆ ಆಗುದಿಲ್ವಾ?"

ಮ್ಯಾನೇಜರ್ ಪೆನ್ನು ಕೆಳಗಿಟ್ಟ. ಅಜ್ಜಿಯ ಕಡೆ ತಿರುಗಿ, ಮೊಮ್ಮಗಳ ಮೂಲಕ ಗಂಭೀರವಾಗಿ ಕೇಳಿದ: "ಅಮ್ಮ, ಇದು ಕೂಡ ಧಾರ್ಮಿಕವೇ?"

ನನ್ನ ಹೆಂಡತಿಯ ಮೊಣಕಾಲು ಈಗ ಅಜ್ಜಿಯ ಬಾಯಲ್ಲಿತ್ತು. ನಾನು ಕನ್ನಡದಲ್ಲಿ ಒಂದೇ ಉಸಿರಿಗೆ ಎಲ್ಲ ಹೇಳಿದೆ: "ಅಜ್ಜಿ, ಒಂದು ಹೂಂ ಅನ್ನಿ. ಕೆಲಸ, ಇನ್ಶೂರೆನ್ಸ್, ಹೆಂಡತಿ ಕಾಲಿನ ಆಪರೇಷನ್, ಎಲ್ಲ ಇದರ ಮೇಲೆ ನಿಂತಿದೆ."

"ನೀರೂ ಕುಡಿಯದೆ ಉಪವಾಸ ಇದ್ದೇನೆ. ನಿನ್ನ ಬೆಕ್ಕಿಗಾಗಿ ಸುಳ್ಳು ಹೇಳ್ಬೇಕಾ?" ಎಂದು ಅಜ್ಜಿ ಮೊಮ್ಮಗಳ ಕಡೆ ತಿರುಗಿದರು. "ಹೇಳು ಅವನಿಗೆ. ಇದು ಧರ್ಮ ಅಲ್ಲ, ಎಂಥದೂ ಅಲ್ಲ. ಐವತ್ತು ದಾಟಿದ ಗಂಡಸರಿಗೆ ಬರುವ ಹುಚ್ಚು. ನಮ್ಮ ಯಜಮಾನರು ಐವತ್ತೆರಡಕ್ಕೆ ಹಾರ್ಮೋನಿಯಂ ಕಲಿತರು, ಮೂರು ವರ್ಷ ಇಡೀ ಬೀದಿ ನಿದ್ದೆ ಮಾಡಲಿಲ್ಲ. ಇವನದು ವಾಸಿ. ಸದ್ದಿಲ್ಲ."

ಮೊಮ್ಮಗಳು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದಳು.

ಮ್ಯಾನೇಜರ್ ಕೆಂಪಗಾದ. ನನ್ನ ಪಕ್ಕದ ಡೆಸ್ಕಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ಯಾಕೆಂದರೆ ಮ್ಯಾನೇಜರಿಗೂ ಐವತ್ತು ದಾಟಿ ಮೂರು ವರ್ಷವಾಗಿತ್ತು. ಹೋದ ಬೇಸಿಗೆಯಿಂದ ಹಲಗೆ ಹಿಡಿದುಕೊಂಡು ಸಮುದ್ರದ ಅಲೆಯ ಮೇಲೆ ನಿಲ್ಲಲು ಕಲಿಯುತ್ತಿದ್ದ. ಬಿದ್ದು ಪೆಟ್ಟಾಗಿ, ಆ ವಾರ ಕತ್ತಿಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಬರುತ್ತಿದ್ದ.

ಪಟ್ಟಿ ಸರಿಮಾಡಿಕೊಂಡು ಮೊಮ್ಮಗಳಿಗೆ ಮೆಲ್ಲಗೆ ಹೇಳಿದ: "ಈ ಹುಚ್ಚು ಎಷ್ಟು ವರ್ಷ ಇರುತ್ತದೆ ಅಂತ ಅಜ್ಜಿಯನ್ನು ಕೇಳು."

ಅಜ್ಜಿ ಅವನ ಕತ್ತಿನ ಪಟ್ಟಿ ನೋಡಿದರು, ನನ್ನ ತೋಳು ನೋಡಿದರು. "ಮದ್ದಿಲ್ಲ ಅಂತ ಹೇಳು. ಹೆಂಡತಿಯರು ಅಭ್ಯಾಸ ಮಾಡಿಕೊಳ್ತಾರೆ."

ಅವನು ಪೆನ್ನು ಎತ್ತಿಕೊಂಡ. ನನ್ನನ್ನು ಕಾಯಂ ಮಾಡಿದ. ಇನ್ಶೂರೆನ್ಸ್ ಬಂತು, ಆಪರೇಷನ್ ಆಯಿತು, ಈಗ ಹೆಂಡತಿ ದೇವರನ್ನು ಕರೆಯದೆ ಮೂರು ಮಹಡಿ ಹತ್ತುತ್ತಾಳೆ. ಇಡೀ ಹೋಟೆಲಿನಲ್ಲಿ ಕೈ ಬೀಸಿಕೊಂಡು ಟ್ಯಾಟೂ ತೋರಿಸುವ ಅಧಿಕಾರ ಇರುವುದು ಈ ಹುಲಿಗೆ ಮಾತ್ರ. ಬೇಕಾದರೆ ಫಾರ್ಮಿನ ಕಾಪಿ ತೋರಿಸುತ್ತೇನೆ. ಅದರಲ್ಲಿ 'ವಿನಾಯಿತಿಗೆ ಕಾರಣ' ಎಂಬ ಜಾಗದಲ್ಲಿ ಮ್ಯಾನೇಜರ್ ತನ್ನ ಕೈಯಾರೆ ಬರೆದದ್ದು ಒಂದೇ ಪದ: ವಯಸ್ಸು.

ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಮನೆಗೆ ಬಂದ ನೆಂಟರು ನನ್ನ ಪರಾಕ್ರಮ ಕೇಳಿ ಮುಖ ಮುಖ ನೋಡಿಕೊಂಡರೆ, ಅತ್ತ ಬೆರಳು ತೋರಿಸುತ್ತಾಳೆ.