ಒಂದೇ ಹ್ಯಾಂಡಲಿಗೆ ಹೊರಟ ಕಾರು

ಹಳೆಯ ಕಾರು ಕೊಳ್ಳಲು ಹೊರಟವರಿಗೆಲ್ಲ ನಾನು ಪುಕ್ಕಟೆಯಾಗಿ ಕೊಡುವ ಬುದ್ಧಿಮಾತು ಒಂದಿದೆ. ಇಂಜಿನ್ನು, ಟೈರು, ಬ್ರೇಕು ಇವನ್ನೆಲ್ಲ ಆಮೇಲೆ ನೋಡಿಕೊಳ್ಳಿ. ಮೊದಲು ಹೋಗಿ ನಿಮಗೆ ಸಂಬಳ ಕೊಡುವ ಧಣಿಯ ಕಾರನ್ನು ನೋಡಿಕೊಂಡು ಬನ್ನಿ. ಅದು ಹೇಗೆ ಸ್ಟಾರ್ಟ್ ಆಗುತ್ತದೆ, ಎಷ್ಟು ಸದ್ದು ಮಾಡುತ್ತದೆ, ಎಲ್ಲೆಲ್ಲಿ ಮುನಿಸಿಕೊಂಡು ನಿಲ್ಲುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಅದಕ್ಕಿಂತ ಒಂದು ಗುಲಗಂಜಿಯಷ್ಟಾದರೂ ಕೆಟ್ಟದಾದ ಕಾರನ್ನು ಹುಡುಕಿ ಕೊಳ್ಳಿ. ನನಗೆ ಇದನ್ನು ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಬುದ್ಧಿ ಹೇಳುವವನಿಗೆ ಬುದ್ಧಿ ಕೇಳುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ಚೌಕಾಸಿಯೇ ನನ್ನ ಕಸುಬು. ಮೈಸೂರಿನ ಕೆಸರೆಯ ಕಡೆ ನಂಜಪ್ಪಶೆಟ್ಟರ ಊದುಬತ್ತಿ ಕಾರ್ಖಾನೆಯಲ್ಲಿ ಸಾಮಾನು ಖರೀದಿಸುವ ಕೆಲಸ ನನ್ನದಾಗಿತ್ತು. ಬಿದಿರುಕಡ್ಡಿ, ಇದ್ದಿಲುಪುಡಿ, ಹಾಲುಮಡ್ಡಿ, ಗಂಧದ ಪುಡಿ, ಯಾವುದನ್ನೂ ಮಾರುವವನು ಹೇಳಿದ ಬೆಲೆಗೆ ಕೊಂಡು ನನಗೆ ಗೊತ್ತಿಲ್ಲ. ರಾಗಿ ಹೊಲದಿಂದ ಎದ್ದುಬಂದವನು ನಾನು. ಓದಿದ್ದು ಲೋವರ್ ಸೆಕೆಂಡರಿ, ಆದರೆ ಎದುರಿನವನ ಮುಖ ಓದುವುದರಲ್ಲಿ ಬಿ.ಎ. ಮುಗಿಸಿದವನಿಗೂ ಪಾಠ ಹೇಳಬಲ್ಲೆ. ಮನೆಯ ತರಕಾರಿಯನ್ನೂ ನಾನೇ ತರುವುದು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸಾಕಮ್ಮನನ್ನು ಮೂರು ಸಲ ಮಾರ್ಕೆಟ್ಟಿಗೆ ಕಳಿಸಿದ್ದೆ. ಮೂರು ಸಲವೂ ಈರನಗೆರೆ ಬದನೆಕಾಯಿಗೆ ಒಂದಕ್ಕೆರಡು ಕೊಟ್ಟು ಬಂದಳು. "ನನ್ನ ಕೈಲಿ ಈ ಚೌಕಾಸಿ ಆಗಕ್ಕಿಲ್ಲ ಕಣ್ರೀ, ಅವ್ರು ಕೇಳಿದ್ದು ಕೊಟ್ಬುಡ್ತೀನಿ" ಎಂದು ಕಣ್ಣು ತುಂಬಿಕೊಂಡಳು. ಪಾಪ, ಎಲ್ಲರಿಗೂ ಎಲ್ಲ ವಿದ್ಯೆಯೂ ಬರುವುದಿಲ್ಲ. ಅಂದಿನಿಂದ ಚೀಲ ನನ್ನ ಕೈಗೆ ಬಂತು.

ಕಾರಿನ ಕಥೆಗೆ ಬರುತ್ತೇನೆ. ನಮ್ಮ ಶೆಟ್ಟರ ಬಳಿ ಒಂದು ಅಮೆರಿಕನ್ ಕಾರಿತ್ತು. ಯುದ್ಧಕ್ಕೆ ಮುಂಚಿನದು, ಕಪ್ಪು, ಮೂಗು ಉದ್ದ. ಅದು ಗೇಟಿನೊಳಗೆ ಬರುವ ಗಾಂಭೀರ್ಯ ನೋಡಿ ಕೂಲಿಗಳು ಅದಕ್ಕೆ 'ಪಟ್ಟದಾನೆ' ಎಂದು ಹೆಸರಿಟ್ಟಿದ್ದರು. ಬರುವಾಗ ಆನೆಯೇ ಸರಿ. ಹೋಗುವಾಗ ಮಾತ್ರ ಮಲಗಿದ ಎಮ್ಮೆ. ಸಂಜೆ ಐದೂವರೆಯ ಗಂಟೆ ಹೊಡೆದು ಶೆಟ್ಟರು ಒಳಗೆ ಕೂತರೆಂದರೆ ಇಡೀ ಕಾರ್ಖಾನೆ ಅದನ್ನು ತಳ್ಳಬೇಕು. ಇದು ದಿನಚರಿ. ಅದರಲ್ಲಿ ಮರ್ಯಾದೆಯ ಕ್ರಮವೂ ಇತ್ತು. ಹಿಂದೆ ನಿಂತು ನಿಜವಾಗಿ ತಳ್ಳುವವರು ಮೂಟೆ ಹೊರುವವರು. ಮಡ್‌ಗಾರ್ಡಿನ ಮೇಲೆ ಕೈ ಇಡುವವರು ಗುಮಾಸ್ತರು. ಶೆಟ್ಟರ ಕಿಟಕಿಯ ಪಕ್ಕ ಒಂದೇ ಅಂಗೈ ಆನಿಸಿ, "ಹ್ಞೂಂ, ಒತ್ರಪ್ಪಾ, ಒತ್ತಿ" ಎಂದು ಹೇಳುತ್ತ ನಡೆಯುವವರು ಮ್ಯಾನೇಜರು ವೆಂಕಟರಾಯರು.

ಎಲ್ಲರಿಗಿಂತ ಜಾಣ ಪ್ಯಾಕಿಂಗ್ ವಿಭಾಗದ ಸುಬ್ಬಣ್ಣ. ಶೆಟ್ಟರ ಮುಂದಿನ ಕನ್ನಡಿಯಲ್ಲಿ ಹಿಂಬದಿಯ ಯಾವ ಜಾಗ ಕಾಣುತ್ತದೆಂದು ಅವನು ಮೊದಲೇ ಅಳೆದು ನೋಡಿಕೊಂಡಿದ್ದ. ಸರಿಯಾಗಿ ಅಲ್ಲಿಯೇ ನಿಂತು, ಹಲ್ಲು ಕಚ್ಚಿ, ಕಣ್ಣು ಮೇಲೆ ಮಾಡಿ, ಚಾಮುಂಡಿಬೆಟ್ಟವನ್ನೇ ಹೊತ್ತವನಂತೆ ನರಳುತ್ತಿದ್ದ. ಅವನ ಕೈ ಕಾರಿಗೆ ತಾಗುತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ಯುಗಾದಿಗೆ ವೆಂಕಟರಾಯರು ಕೆಲಸ ಬಿಡುವವರಿದ್ದರು. ಅವರ ಕುರ್ಚಿಯ ಮೇಲೆ ಇಬ್ಬರ ಕಣ್ಣು: ಒಂದು ಜೊತೆ ಕನ್ನಡಿಯಲ್ಲಿ ಮೇಲಾಗುತ್ತಿದ್ದ ಸುಬ್ಬಣ್ಣನದು, ಇನ್ನೊಂದು ನನ್ನದು.

ಅಷ್ಟರಲ್ಲಿ ನನಗೆ ಕಾರು ಸಿಕ್ಕಿತು. ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ಇಂಗ್ಲೆಂಡಿಗೆ ಹೊರಟಿದ್ದ ಮುದುಕಿ ದೊರೆಸಾನಿಯೊಬ್ಬಳು ತನ್ನ ಪುಟ್ಟ ಹಸಿರು ಕಾರನ್ನು ಮಾರುತ್ತಿದ್ದಳು. ನಾನು ಅದರ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಪ್ರತಿ ಸುತ್ತಿಗೂ ಒಂದೊಂದು ನಿಟ್ಟುಸಿರು ಬಿಟ್ಟೆ. ನೆನಪಿಡಿ, ಕೊಳ್ಳುವವನು ಬಾಯಿಂದ ಹಳಿಯಬಾರದು, ಉಸಿರಿನಿಂದ ಹಳಿಯಬೇಕು. ನಾಲ್ಕನೆಯ ನಿಟ್ಟುಸಿರಿಗೆ ಆಕೆ ಬೆಲೆ ಇಳಿಸಿದಳು. ಐದನೆಯದಕ್ಕೆ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ವಿಚಾರಿಸಿ, ಹಿಂದಿನ ಸೀಟಿನಲ್ಲಿದ್ದ ಛತ್ರಿಯನ್ನೂ ಕೊಟ್ಟುಬಿಟ್ಟಳು. ನಿಜ ಹೇಳಬೇಕೆಂದರೆ ಕಾರಿಗೆ ಒಂದು ಕುಂದೂ ಇರಲಿಲ್ಲ. ಕೊರೆಯುವ ಚಳಿಯಲ್ಲೂ ಮುಂದಿನ ತೂತಿಗೆ ಹ್ಯಾಂಡಲ್ ತೂರಿಸಿ ಒಂದು ಸುತ್ತು ಹೊಡೆದರೆ ಸಾಕು, ಸ್ಟಾರ್ಟ್!

ಮಾರನೆಯ ದಿನ ಅದನ್ನು ಪಟ್ಟದಾನೆಯ ಪಕ್ಕದಲ್ಲೇ ನಿಲ್ಲಿಸಿದೆ. ಕಾರಿನಲ್ಲಿ ಬರುವವನನ್ನೇ ಅಲ್ಲವೇ ಮ್ಯಾನೇಜರ್ ಮಾಡುವುದು, ಎಂದು ನನ್ನ ಲೆಕ್ಕಾಚಾರ. ಶೆಟ್ಟರು ಬಂದು ನೋಡಿದರು. "ಏನ್ ಗೌಡ್ರೇ, ಕಾರ್ ತಗೊಂಡ್ಬುಟ್ರಾ!" ಎಂದರು. "ಎಲ್ಲಾ ತಮ್ಮ ಆಶೀರ್ವಾದ" ಎಂದೆ. ಅವರು ಸುಮ್ಮನೆ ನಕ್ಕರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಸಂಜೆ ಪಟ್ಟದಾನೆ ಎಂದಿಗಿಂತ ಹೆಚ್ಚು ಹಟ ಮಾಡಿತು. ಗೇಟಿನ ತನಕ ಒಂದು ಸಲ ತಳ್ಳಿದರು, ವಾಪಸ್ಸು ಒಂದು ಸಲ, ಮತ್ತೆ ಗೇಟಿನ ತನಕ ಇನ್ನೊಂದು ಸಲ. ಸುಬ್ಬಣ್ಣನ ಹಣೆಯ ಮೇಲೆ ಆ ದಿನ ನಿಜವಾದ ಬೆವರು. ಆಗ ನನಗೆ ಎಂಥ ದುರ್ಬುದ್ಧಿ ಬಂತೋ! ದಾರಿಗೆ ಅಡ್ಡವಾಗಿದ್ದೇನೆ, ನನ್ನ ಕಾರನ್ನಾದರೂ ಪಕ್ಕಕ್ಕೆ ಸರಿಸೋಣವೆಂದು ಹ್ಯಾಂಡಲ್ ತೂರಿಸಿ ಒಂದೇ ಒಂದು ಸುತ್ತು ಹೊಡೆದೆ. ಸ್ಟಾರ್ಟ್! ಆ ಸದ್ದಿಗೆ ತಳ್ಳುತ್ತಿದ್ದ ಹನ್ನೆರಡು ಜನವೂ ನಿಂತರು. ಶೆಟ್ಟರು ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ನೋಡಿದರು. ಸುಬ್ಬಣ್ಣ ಬೆವರು ಒರೆಸಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ, "ಸಾಹುಕಾರ್ರ ಕಾರಿಗೆ ಹತ್ತು ಜನ ಬೇಕು, ಗೌಡ್ರ ಕಾರಿಗೆ ಒಂದೇ ಕೈ ಸಾಕು. ಎಂಥಾ ಕಾಲ ಬಂತಪ್ಪಾ!" ಎಂದ.

ಆ ಒಂದು ಸುತ್ತಿನ ಬೆಲೆ ನನಗೆ ಮಾರನೆಯ ದಿನದಿಂದ ತಿಳಿಯಿತು. ರಜಾ ಕೇಳಿದರೆ, "ನಿಮಗೇನು ಗೌಡ್ರೇ, ಕಾರಿರೋರು" ಎನ್ನುವರು ಶೆಟ್ಟರು. ನೆಗಡಿ ಎಂದರೂ "ಕಾರಿರೋರು" ಎನ್ನುವರು. ಜಾತ್ರೆಯ ಚಂದಾದವರು ನೇರವಾಗಿ ನನ್ನ ಮೇಜಿಗೇ ಬಂದರು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನನ್ನ ವಿದ್ಯೆಗೆ. ಬಿದಿರುಕಡ್ಡಿ ಮಾರುವ ಕರಿಯಪ್ಪನ ಮುಂದೆ ನಿಂತು ನನ್ನ ಪ್ರಸಿದ್ಧವಾದ ನಿಟ್ಟುಸಿರು ಬಿಟ್ಟೆ. ಅವನು ನನ್ನ ಬೆನ್ನ ಹಿಂದಿದ್ದ ಕಾರನ್ನೂ ನನ್ನನ್ನೂ ನೋಡಿ, "ಕಾರಲ್ಲಿ ಬಂದು ಕಡ್ಡಿಗೆ ಚೌಕಾಸಿ ಮಾಡ್ತೀರಲ್ಲ ಸ್ವಾಮಿ, ನಾಚ್ಕೆ ಆಗಕ್ಕಿಲ್ವಾ?" ಎಂದ. ಅಂದಿನಿಂದ ಕಾರನ್ನು ಒಂದು ಫರ್ಲಾಂಗು ಹಿಂದೆಯೇ ನಿಲ್ಲಿಸಿ, ಅಂಗಿಗೆ ಸ್ವಲ್ಪ ಧೂಳು ಹಾಕಿಕೊಂಡು ನಡೆದು ಹೋಗುವ ಅಭ್ಯಾಸ ಮಾಡಿಕೊಂಡೆ. ಕಾರು ಕೊಂಡ ಮೇಲೆ ನಾನು ನಡೆದಷ್ಟು ಕಾರಿಲ್ಲದಾಗ ನಡೆದಿರಲಿಲ್ಲ.

ಯುಗಾದಿಗೆ ತಿಂಗಳೂವರೆ ಇರುವಾಗ ವೆಂಕಟರಾಯರು ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಹೆಸರು ನಾನು ಎತ್ತಿದೆ ಗೌಡ್ರೇ. 'ಕಾರಿರೋರಿಗೆ ನಮ್ಮ ಮ್ಯಾನೇಜರ್ ಕೆಲಸ ಯಾಕ್ರೀ ಬೇಕು? ಸುಬ್ಬಣ್ಣ ಕಷ್ಟಜೀವಿ, ಕನ್ನಡೀಲಿ ನೋಡ್ತಾನೇ ಇರ್ತೀನಿ' ಅಂದ್ಬಿಟ್ಟರು ಸಾಹುಕಾರ್ರು" ಎಂದರು. ಹದಿನಾಲ್ಕು ವರ್ಷ ಆ ಕಾರ್ಖಾನೆಗಾಗಿ ನಿಟ್ಟುಸಿರು ಬಿಟ್ಟಿದ್ದೇನೆ. ಈಗ ಆ ಸುಬ್ಬಣ್ಣನ ಮುಂದೆ ನಿಂತು ಕಡ್ಡಿಯ ಚೀಟಿಗೆ ಸಹಿ ಹಾಕಿಸಿಕೊಳ್ಳಬೇಕೇ?

ಮನೆಗೆ ಬಂದು, ಕಾರನ್ನು ಮಾರಿಬಿಡುತ್ತೇನೆ ಎಂದೆ. ಸಾಕಮ್ಮ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಎಲ್ಲವನ್ನೂ ಕೇಳಿ, ಹಿಟ್ಟಿನ ಕೋಲನ್ನು ಎತ್ತಿ ಹಿಡಿದು ನನ್ನ ಕಡೆ ತಿರುಗಿದಳು.

"ಯಾಕ್ರೀ ಮಾರ್ತೀರಿ? ಅದಕ್ಕೂ ಒಂದ್ ರೋಗ ಬರಿಸಿ, ಸಾಹುಕಾರ್ರ ಕೈಲಿ ವಾಸಿ ಮಾಡಿಸಿ."

"ಚೆನ್ನಾಗಿರೋ ಕಾರನ್ನ ಯಾರಾದ್ರೂ ಕೆಡಿಸ್ತಾರೇನೆ?"

"ನಿಮ್ಮವ್ವ ಇದ್ದಾಗ ನನ್ನ ಮುದ್ದೆ ದಿನಾ ಯಾಕ್ ಗಂಟಾಗ್ತಿತ್ತು ಅಂದ್ಕೊಂಡ್ರಿ? ಹತ್ತು ವರ್ಷದ ಹುಡುಗಿಯಾಗಿದ್ದಾಗಿಂದ ಮುದ್ದೆ ಮಾಡ್ದೋಳು ನಾನು. ಮೊದಲ್ನೇ ದಿನ ಬೆಣ್ಣೆ ಅಂಗೆ ಮಾಡ್ಬುಟ್ಟೆ. ಅತ್ತೆ ಮೂರು ದಿನ ಮಾತಾಡ್ಲಿಲ್ಲ. ನಾಕನೇ ದಿನ ಗಂಟು ಬರಿಸ್ದೆ. 'ಬುಡು ಮಗಾ, ನಿನ್ ಕೈಲಿ ಆಗಕ್ಕಿಲ್ಲ' ಅಂತ ಕೋಲು ಇಸ್ಕೊಂಡ್ರು. ಆಮೇಲಿಂದ ನನ್ನನ್ನ ಮಗಳಿಗಿಂತ ಹೆಚ್ಚಾಗಿ ನೋಡ್ಕೊಂಡ್ರು."

ಕೊನೆಯ ತನಕ ನಮ್ಮವ್ವ, "ನಾನು ಹೋದ್ರೆ ಈ ಹುಡುಗಿ ಕೈಲಿ ನೀನು ಮುದ್ದೆ ಉಣ್ಣಕ್ಕಾಗಕ್ಕಿಲ್ಲ ಕಣ್ಲಾ" ಎಂದು ಹೆಮ್ಮೆಯಿಂದ ಮರುಗುತ್ತಿದ್ದಳು. ಆಕೆ ಸತ್ತ ಮೇಲೆ ಸಾಕಮ್ಮನ ಮುದ್ದೆ ಒಮ್ಮೆಲೇ ನುಣ್ಣಗಾದದ್ದು ಹೇಗೆಂದು ನಾನು ಯೋಚಿಸಿಯೇ ಇರಲಿಲ್ಲ. ದುಃಖದಿಂದ ಕೈ ಪಳಗಿತೆಂದುಕೊಂಡಿದ್ದೆ.

ಮರುದಿನ ಮಂಡಿ ಮೊಹಲ್ಲಾದ ಮೆಕ್ಯಾನಿಕ್ ಖಾದರ್ ಸಾಬರ ಬಳಿಗೆ ಹೋದೆ. ವಿಷಯ ಕೇಳಿ ಅವರು ಬೀಡಿಯನ್ನು ಬಾಯಿಂದ ತೆಗೆದರು. "ಎಲ್ಲಾರೂ ರಿಪೇರಿ ಮಾಡ್ಸಕ್ಕೆ ಬರ್ತಾರೆ, ನೀವು ಕೆಡಿಸ್ಕೊಳ್ಳಕ್ಕೆ ಬಂದೀರಲ್ಲ ಗೌಡ್ರೇ!" ಎಂದರು. ಆದರೂ ಬಾನೆಟ್ ಎತ್ತಿ, ಒಂದು ತಂತಿಯನ್ನು ತೋರಿಸಿದರು. ಅದನ್ನು ಕಿತ್ತಿಟ್ಟರೆ ದೇವೇಂದ್ರ ಬಂದರೂ ಕಾರು ಹೊರಡದು.

ಆ ಸಂಜೆ ಪಟ್ಟದಾನೆ ಒಂದು ಸಲ ತಳ್ಳಿದ್ದಕ್ಕೇ ಸ್ಟಾರ್ಟ್ ಆಯಿತು. ನಾನು ನನ್ನ ಕಾರಿಗೆ ಹ್ಯಾಂಡಲ್ ಹೊಡೆದೆ. ಸದ್ದಿಲ್ಲ. ಇಪ್ಪತ್ತು ಸಲ ಹೊಡೆದೆ. ಗೇಟಿನಾಚೆ ಹೋಗಿದ್ದ ಶೆಟ್ಟರು ಕಾರನ್ನು ಹಿಂದಕ್ಕೆ ತಂದು, ಇಂಜಿನ್ ನಿಲ್ಲಿಸದೆ ಕೆಳಗಿಳಿದರು. ಅವರ ಮುಖದಲ್ಲಿ ಎರಡು ತಿಂಗಳಿಂದ ಕಾಣದ ಪ್ರಸನ್ನತೆ!

"ಏನಾಯ್ತು ಗೌಡ್ರೇ?"

"ಗೊತ್ತಾಗ್ತಿಲ್ಲ ಧಣಿ. ನನಗೇನು ಗೊತ್ತು ಕಾರಿನ ವಿಷಯ? ಯಾಕೋ ಹಾಳಾದ್ದನ್ನ ತಗೊಂಡು ಕೆಟ್ಟೆ."

"ತೆಗೀರಿ ಬಾನೆಟ್ಟು!" ಎಂದು ಶೆಟ್ಟರು ಕೋಟು ಬಿಚ್ಚಿ ಸುಬ್ಬಣ್ಣನ ಕೈಗೆ ಕೊಟ್ಟರು. ನೀರು ನೋಡಿದರು, ಆಯಿಲ್ ನೋಡಿದರು, ಯಾವುದೋ ನಟ್ಟನ್ನು ಬಿಚ್ಚಿ ಮೂಸಿದರು. "ಈ ಇಂಗ್ಲಿಷ್ ಕಾರುಗಳೇ ಇಷ್ಟು, ಸೂಕ್ಷ್ಮ ಜಾಸ್ತಿ" ಎಂದು ತೀರ್ಪು ಕೊಟ್ಟರು. ತಂತಿಯೊಂದನ್ನು ಬಿಟ್ಟು ಎಲ್ಲವನ್ನೂ ಮುಟ್ಟಿದರು. ಅರ್ಧ ಗಂಟೆಯಾಯಿತು, ನನಗೆ ಭಯ ಹತ್ತಿತು, ಇವರಿಗೆ ಸಿಕ್ಕದಿದ್ದರೆ ಗತಿಯೇನು? ಕೊನೆಗೆ ಟಾರ್ಚಿನ ಬೆಳಕನ್ನು ಸರಿಯಾಗಿ ತಂತಿಯ ಮೇಲೆ ಬಿಟ್ಟು, "ಅಲ್ಲೇನೋ ಹಲ್ಲಿ ಇದ್ದಂಗಿದೆ ಧಣಿ" ಎಂದೆ. ಶೆಟ್ಟರು ಹಲ್ಲಿ ಹುಡುಕುತ್ತ ತಂತಿಯನ್ನು ಕಂಡರು. "ಸಿಕ್ತು!" ಎಂದು ಕೂಗಿದ ಕೂಗಿಗೆ ಮರದ ಮೇಲಿನ ಕಾಗೆಗಳೆದ್ದವು. ತಂತಿ ಸೇರಿಸಿದ ಮೇಲೂ, "ಶಾಸ್ತ್ರಕ್ಕೆ ಒಂದ್ಸಲ ತಳ್ರಪ್ಪಾ ಗೌಡ್ರನ್ನ" ಎಂದರು. ಎಲ್ಲರೂ ತಳ್ಳಿದರು. ನನ್ನ ಪುಟ್ಟ ಕನ್ನಡಿಯಲ್ಲಿ ಸುಬ್ಬಣ್ಣನ ಮುಖ ಕಾಣಿಸಿತು. ಈ ಸಲ ಅವನು ನರಳುತ್ತಿರಲಿಲ್ಲ.

ಅಲ್ಲಿಂದ ಮುಂದೆ ವಾರಕ್ಕೊಂದು ಹೊಸ ರೋಗ. ಖಾದರ್ ಸಾಬರು ಕಲಿಸುವುದು, ಶೆಟ್ಟರು ವಾಸಿ ಮಾಡುವುದು. "ಗೌಡ್ರ ಕಾರು ನನ್ನ ಕೈ ಕೇಳ್ತದೆ ಕಣ್ರೀ" ಎಂದು ಅವರು ಬಂದವರಿಗೆಲ್ಲ ಹೇಳತೊಡಗಿದರು. ಯುಗಾದಿಯ ದಿನ ಬೇವುಬೆಲ್ಲ ಕೊಟ್ಟು, "ಕಾರಿನ ಕಷ್ಟ ಗೊತ್ತಿರೋರಿಗೇ ಕಾರ್ಖಾನೆ ಕಷ್ಟ ಗೊತ್ತಾಗೋದು" ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು.

ಇದಾಗಿ ಆರೇಳು ವರ್ಷಗಳಾದವು. ಈಗಲೂ ನಾನೇ ಮ್ಯಾನೇಜರು, ಕಾರೂ ಅದೇ. ಭಾನುವಾರ ಸಾಕಮ್ಮನನ್ನು ಅದರಲ್ಲಿ ಕೂರಿಸಿಕೊಂಡು ಮಾರ್ಕೆಟ್ಟಿಗೆ ಹೋಗುತ್ತೇನೆ. ಬೆಲೆ ಏರಬಾರದೆಂದು ಕಾರನ್ನು ದೊಡ್ಡ ಗಡಿಯಾರದ ಬಳಿಯೇ ನಿಲ್ಲಿಸಿ, ಎರಡು ಚೀಲ ಹಿಡಿದು ನಡೆದು ಹೋಗುತ್ತೇನೆ. ಸಾಕಮ್ಮ ದೊರೆಸಾನಿಯ ಛತ್ರಿಯನ್ನು ಮಡಿಲಲ್ಲಿಟ್ಟುಕೊಂಡು, ಕಡಲೆಕಾಯಿ ಸುಲಿಯುತ್ತ, ಕಾರಿನಲ್ಲೇ ಕೂತಿರುತ್ತಾಳೆ. ಹೋದ ಭಾನುವಾರ ಬದನೆಕಾಯಿ ಮಾರುವ ನಿಂಗಮ್ಮನನ್ನು ಅರ್ಧ ಗಂಟೆ ಜಗ್ಗಾಡಿ ಒಂದಾಣೆ ಇಳಿಸಿ, ಗೆದ್ದ ಉತ್ಸಾಹದಲ್ಲಿ, "ಈ ಮೈಸೂರಲ್ಲಿ ನನ್ನಂಗೆ ಚೌಕಾಸಿ ಮಾಡೋರು ಇನ್ಯಾರಾದ್ರೂ ಇದ್ದಾರೇನಮ್ಮಾ?" ಎಂದೆ.

"ಅವ್ರೆ ಬುಡಿ ಸ್ವಾಮಿ, ನಿಮ್ಮನೇಲೇ ಅವ್ರೆ" ಎಂದಳು ನಿಂಗಮ್ಮ ಕಾಯಿ ತೂಗುತ್ತ. "ಅಗೋ, ಗಡಿಯಾರದ ತಾವ ಕಾರಲ್ಲಿ ಕುಂತವ್ರಲ್ಲ, ಅಮ್ಮಾವ್ರು! ನೀವು ಊರಲ್ಲಿ ಇಲ್ದಾಗ ಬತ್ತಾರೆ. ಎರಡೇ ಮಾತು, ನಿಮಗಿಂತ ಎರಡಾಣೆ ಕಮ್ಮಿಗೆ ಇಸ್ಕೊಂಡೋಯ್ತಾರೆ. ಮದುವೆಯಾಗಿ ಬಂದಾಗಿಂದ್ಲೂ ಅಂಗೇಯಾ. ಅವ್ರು ಬಾಯಿ ತೆಗೆದ್ರೆ ನಮಗೆ ಗಿಟ್ಟಕ್ಕಿಲ್ಲ."

ಎರಡೂ ಚೀಲಗಳು ಒಮ್ಮೆಲೇ ಭಾರವಾದವು. ಗಡಿಯಾರದ ತನಕ ನಡೆಯುತ್ತ ಮದುವೆಯಾದಂದಿನಿಂದ ಹೊತ್ತ ಚೀಲಗಳನ್ನು ಎಣಿಸಲು ನೋಡಿ, ಲೆಕ್ಕ ತಪ್ಪಿ ಬಿಟ್ಟೆ. ಇವತ್ತು ಕೇಳಿಯೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಕಾರಿನ ಬಾಗಿಲು ತೆಗೆದೆ. ಸಾಕಮ್ಮ ಮಡಿಲಿನ ಸಿಪ್ಪೆ ಕೊಡವಿ, "ಎಷ್ಟಕ್ಕೆ ಕೊಟ್ಲು?" ಎಂದಳು. ಹೇಳಿದೆ. ಅವಳು ಕೆನ್ನೆಯ ಮೇಲೆ ಕೈಯಿಟ್ಟು, "ಅಯ್ಯೋ ಶಿವನೇ, ಅಷ್ಟು ಕಮ್ಮಿಗಾ! ನನ್ನ ಕೈಲಿ ಆಗ್ತಿರ್ಲಿಲ್ಲ ಬುಡ್ರೀ" ಎಂದಳು.

ಎಲ್ಲ ಗೊತ್ತಿದ್ದೂ ಆ ಮಾತಿಗೆ ನನ್ನ ಎದೆ ಎಂದಿನಂತೆಯೇ ಉಬ್ಬಿತು. ಕೇಳಬೇಕೆಂದಿದ್ದುದನ್ನು ಕೇಳಲಿಲ್ಲ. ಚೀಲಗಳನ್ನು ಅವಳ ಕಾಲ ಬಳಿ ಜೋಪಾನವಾಗಿಟ್ಟು, ಮುಂದೆ ಹೋಗಿ ಹ್ಯಾಂಡಲ್ ಹೊಡೆದೆ. ಒಂದೇ ಸುತ್ತಿಗೆ ಸ್ಟಾರ್ಟ್ ಆಯಿತು. ಅವಳ ಆ ಒಂದು ಮಾತಿಗೆ ನಾನು ಹೊರಡುವ ಹಾಗೆ.