ಮಾವನವರ ಬ್ಯಾರನ್ನು, ನನ್ನ ಮಿಗ್ ಮಿಷನ್ನು

ಅರಕಲಗೂಡಿನಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ಡು. ಶೆಡ್ಡಿಗೆ ಅಂಟಿಕೊಂಡೇ ಮನೆ. ತಾಲ್ಲೂಕಿನ ಅರ್ಧ ಕಿಟಕಿಗಳ ಸರಳು, ಮುಕ್ಕಾಲು ಗೇಟುಗಳ ಹೂಬಳ್ಳಿ ನನ್ನ ಕೈಚಳಕವೇ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಕೇಳಿದವರು ಊರೆಲ್ಲ ಸುತ್ತಿ ಕಿಟಕಿ ಎಣಿಸಲು ಹೋಗುವುದಿಲ್ಲವಲ್ಲ, ಆ ಧೈರ್ಯ!

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಾಸನದಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡೊಂದರಿಂದ ನಾನು ಒಂದು ಹಳೆಯ ಮಿಗ್ ವೆಲ್ಡಿಂಗ್ ಮಿಷನ್ ತಂದೆ. ಅದುವರೆಗೆ ನಮ್ಮದೆಲ್ಲ ಕಡ್ಡಿ ವೆಲ್ಡಿಂಗು. ಕಡ್ಡಿ ಸುಡುವುದು, ಮುಗಿದರೆ ಎಸೆಯುವುದು, ಇನ್ನೊಂದು ಸಿಕ್ಕಿಸುವುದು. ಮಿಗ್‌ನಲ್ಲಿ ಆ ರಗಳೆಯೇ ಇಲ್ಲ. ಸುರುಳಿ ಸುತ್ತಿದ ತಂತಿ ಗನ್ನಿನ ಬಾಯಿಂದ ತಾನಾಗಿ ಬರುತ್ತಲೇ ಇರುತ್ತದೆ, ಜೊತೆಗೆ ಗ್ಯಾಸೂ ಬರುತ್ತದೆ. ನಾವು ಮಾಡಬೇಕಾದ್ದು ಎರಡೇ: ವೋಲ್ಟೇಜ್ ಎಷ್ಟಿರಬೇಕು, ತಂತಿ ಎಷ್ಟು ಜೋರಾಗಿ ಬರಬೇಕು ಎಂದು ಎರಡು ನಾಬ್ ತಿರುಗಿಸಿ ಇಡುವುದು. ಒಮ್ಮೆ ಹದ ಸಿಕ್ಕಿತೋ, ಒಂದೇ ನಮೂನೆಯ ಮಾಲನ್ನು ಕಣ್ಮುಚ್ಚಿಕೊಂಡು ಮಾಡುತ್ತಾ ಹೋಗಬಹುದು ಎಂದು ಮಿಷನ್ ಕೊಟ್ಟ ರಂಗಸ್ವಾಮಿ ಹೇಳಿದ್ದ. ಅವನು ಹಾಸನದ ಪಾಲಿಟೆಕ್ನಿಕ್‌ನಲ್ಲಿ ನನ್ನ ಬೆಂಚಿನವನು. ಕಣ್ಮುಚ್ಚಿಕೊಂಡು ಎಂಬ ಮಾತನ್ನು ನಾನು ಇಷ್ಟು ಅಕ್ಷರಶಃ ಪಾಲಿಸುತ್ತೇನೆಂದು ಪಾಪ ಅವನಿಗೇನು ಗೊತ್ತು!

ಮಿಷನ್ ಬಂದ ಸುದ್ದಿ ರಾಮನಾಥಪುರದ ಕಡೆಯ ನನ್ನ ಮಾವನವರಿಗೂ ತಲುಪಿತು. ತಲುಪಿಸಿದವನು ನಾನೇ. ಮಾವನವರು ಹೊಗೆಸೊಪ್ಪು ಬೆಳೆಯುವವರು. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ತೂಗುಹಾಕಿ ಬೇಯಿಸುತ್ತಾರೆ. ಹೊರಗಿನ ಒಲೆಯ ಬಿಸಿ, ನೆಲದ ಮೇಲೆ ಹಾಯಿಸಿದ ದಪ್ಪ ತಗಡಿನ ಪೈಪುಗಳಲ್ಲಿ ಒಳಗೆಲ್ಲ ಸುತ್ತಿ ಹೊಗೆಗೂಡಿನಿಂದ ಆಚೆ ಹೋಗಬೇಕು. ಬಿಸಿ ಮಾತ್ರ ಸೊಪ್ಪಿಗೆ, ಹೊಗೆ ಆಕಾಶಕ್ಕೆ. ಪೈಪಿನಲ್ಲಿ ತೂತಿದ್ದರೆ ಹೊಗೆ ಕುಡಿದು ಸೊಪ್ಪು ಕೆಡುತ್ತದೆ. ಕಿಡಿ ಹಾರಿದರಂತೂ ಬ್ಯಾರನ್ನೇ ಬೂದಿ.

ಅವರ ಪೈಪು ಮೊದಲಿನಿಂದಲೂ ಹೊಳೆನರಸೀಪುರದಿಂದ ಬರುತ್ತಿತ್ತು. ತಗಡು ಬಗ್ಗಿಸಿ, ರಿವಿಟ್ ಹೊಡೆದು, ಸಂದಿಗೆಲ್ಲ ಮಣ್ಣು ಮೆತ್ತಿದ ಪೈಪು. ಅದನ್ನು ನೋಡಿ ನಾನು ಮೂಗು ಮುರಿದೆ.

"ಮಾವ, ಯಾವ ಕಾಲದಲ್ಲಿದ್ದೀರಿ? ಈ ಕಾಲದಲ್ಲೂ ಮಣ್ಣು ಮೆತ್ತೋದಾ? ನಾನು ಮಿಗ್‌ನಲ್ಲಿ ಮಾಡಿಕೊಡ್ತೀನಿ. ಒಂದು ಸೂಜಿ ತೂರಲ್ಲ!"

ಮಾವನವರು ಎಂದೂ ನನಗೆ ಎದುರು ಮಾತಾಡಿದವರಲ್ಲ. ಮಗಳನ್ನು ಕೊಟ್ಟ ಮೇಲೆ ಅಳಿಯನನ್ನು ಬಹುವಚನದಲ್ಲೇ ಮಾತಾಡಿಸಬೇಕು, ಅವನು ಏನೆಂದರೂ ಹೂಂ ಅನ್ನಬೇಕು ಎಂಬುದು ಅವರ ವ್ರತ.

"ಆಗ್ಲೇಳಿ ಅಳಿಯಂದ್ರೇ. ಅಳೇ ಪೈಪ್ನ ಏನ್ ಮಾಡನ?"

"ಗುಜರಿಗೆ ಹಾಕಿ!" ಎಂದೆ.

ಹಾಕಿಬಿಟ್ಟರು. ಅಲ್ಲಿಗೆ ವಾಪಸು ಹೋಗುವ ದಾರಿ ಬಂದ್ ಆಯಿತು.

ಪೈಪು ಒಯ್ಯಬೇಕಾದ ದಿನ ಬೆಳಿಗ್ಗೆ ಮಾವನವರು ಫೋನ್ ಮಾಡಿದರು. "ಅಳಿಯಂದ್ರೇ, ಸೊಪ್ಪು ಮುರ್ದಾಯ್ತು. ಎಂಗುಸ್ರೆಲ್ಲ ಕಡ್ಡಿಗೆ ಕಟ್ತಾವ್ರೆ. ಸಂದ್ಯಾಕೆ ಪೈಪ್ ಬಂದ್ಬುಟ್ರೆ, ಬೆಳಿಗ್ಗೆ ಬ್ಯಾರನ್ಗೆ ಏರ್ಸಿ ಬೆಂಕಿ ಆಕ್ತೀವಿ. ಇಲ್ದೋದ್ರೆ ಸೊಪ್ಪು ಕಪ್ಪಾಗ್ಬುಡ್ತದೆ, ಅದ್ಕೆ ಕೇಳ್ದೆ, ಬೇಜಾರ್ ಮಾಡ್ಕಬೇಡಿ."

"ಬಂದೇ ಬರುತ್ತೆ ಮಾವ!" ಎಂದು ಎದೆ ಸೆಟೆಸಿದೆ. ತಗಡೆಲ್ಲ ಬಗ್ಗಿಸಿ ಸಾಲಾಗಿ ಜೋಡಿಸಿಟ್ಟಾಗಿತ್ತು. ವೆಲ್ಡ್ ಮಾಡುವುದೊಂದೇ ಬಾಕಿ.

ಅಷ್ಟರಲ್ಲಿ ಅಡಿಗೆಮನೆಯಿಂದ ಮಿಕ್ಸಿ 'ಗೊಂಯ್' ಎಂದು ನರಳಿತು. ನಾನು ಓಡಿಹೋಗಿ ಸ್ವಿಚ್ ಆರಿಸಿದೆ.

"ಸರೋಜಾ! ಎಷ್ಟು ಸಲ ಹೇಳಿದೀನಿ? ಬಲ್ಬ್ ನೋಡು, ಚಿಮಣಿ ದೀಪದ ಥರ ಉರೀತಿದೆ. ಮಳೆ ಕಾಣೆ, ಊರಿನ ಶುಂಠಿ ಹೊಲದವರೆಲ್ಲ ಒಟ್ಟಿಗೆ ಮೋಟರ್ ಹಾಕಿದಾರೆ. ವೋಲ್ಟೇಜ್ ನೆಲ ಕಚ್ಚಿದೆ. ಇಂಥ ಹೊತ್ತಲ್ಲಿ ಮಿಕ್ಸಿ ಹಾಕಿದರೆ ಕಾಯಿಲ್ ಸುಟ್ಟುಹೋಗಲ್ವಾ? ಮೊದಲು ಬಲ್ಬ್ ನೋಡಬೇಕು, ಆಮೇಲೆ ಸ್ವಿಚ್ ಹಾಕಬೇಕು. ಇಷ್ಟೂ ಗೊತ್ತಾಗಲ್ವಾ?"

"ಚಟ್ನಿ ಇಲ್ದೇ ದೋಸೆ ತಿನ್ನಿ ಹಾಗಾದ್ರೆ" ಎಂದಳು ನನ್ನ ಹೆಂಡತಿ.

ತಿಂದೆ. ವಿಜ್ಞಾನಕ್ಕಾಗಿ ಇಂಥ ತ್ಯಾಗ ಮಾಡಲೇಬೇಕಾಗುತ್ತದೆ.

ಮಿಷನ್‌ಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು ಹದ ಹುಡುಕಲು ಕುಳಿತೆ. ಹದ ಸಿಕ್ಕಿದ್ದು ಕಿವಿಗೇ ಗೊತ್ತಾಗುತ್ತದೆ ಎಂದಿದ್ದ ರಂಗಸ್ವಾಮಿ. ಕಾದ ಎಣ್ಣೆಗೆ ಬೋಂಡ ಬಿಟ್ಟಾಗ ಬರುತ್ತದಲ್ಲ, ಒಂದೇ ಸಮನೆ ಚುರುಚುರು ಸದ್ದು, ಅದು ಬರಬೇಕಂತೆ. ಬೋಂಡ ತಿಂದು ಗೊತ್ತೇ ಹೊರತು ಬೇಯುವುದನ್ನು ಕಿವಿಗೊಟ್ಟು ಕೇಳಿದವನಲ್ಲ ನಾನು. ಆದ್ದರಿಂದ ತಜ್ಞರ ಸಮಿತಿಯನ್ನು ಕರೆಸಬೇಕಾಯಿತು. ಸಮಿತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಬೆಳಕು ಕಣ್ಣಿಗೆ ಹೊಡೆಯದಂತೆ ನನಗೆ ಬೆನ್ನು ಹಾಕಿ ಶೆಡ್ಡಿನ ಬಾಗಿಲಲ್ಲಿ ನಿಂತಿತು.

ಒಂದು ಚೂರು ತಗಡಿನ ಮೇಲೆ ಗನ್ನಿನ ಕುದುರೆ ಒತ್ತಿದೆ. ಟಪ್... ಟಪ್... ಟಪ್! ತಂತಿ ಕರಗದೆ ತಗಡಿಗೆ ಗುದ್ದಿ ಕೈಯನ್ನೇ ಹಿಂದಕ್ಕೆ ತಳ್ಳುತ್ತಿತ್ತು.

"ಎಣ್ಣೆ ಕಾದಿಲ್ಲ ಕಣ್ರೀ" ಎಂದಳು ಸರೋಜ.

ವೋಲ್ಟೇಜ್ ನಾಬನ್ನು ಒಂದು ಮೆಟ್ಟಿಲು ಮೇಲೇರಿಸಿದೆ.

"ಊಹೂಂ. ಇನ್ನೂ ಕಾಯ್ಬೇಕು."

ಇನ್ನೊಂದು ಮೆಟ್ಟಿಲು. ಮತ್ತೊಂದು. ತಂತಿಯ ವೇಗವನ್ನು ಒಂಚೂರು ಅತ್ತ, ಒಂಚೂರು ಇತ್ತ. ಕೊನೆಗೆ ವೋಲ್ಟೇಜ್ ನಾಬ್ ಕಟ್ಟಕಡೆಯ ಮೆಟ್ಟಿಲಿಗೆ ಹೋಗಿ ಕೂತಾಗ, ಆಹಾ! ಚುರುಚುರುಚುರು ಎಂದು ನುಣ್ಣಗೆ ಹಾಡಿತು.

"ಈಗ ಸರಿ. ಈರುಳ್ಳಿ ಬೋಂಡ" ಎಂದು ಸಮಿತಿ ತೀರ್ಪು ಕೊಟ್ಟಿತು.

ಬೆಸುಗೆಯೂ ಸೊಗಸಾಗಿ ಬಂದಿತ್ತು. ನಾನು ಅವಳ ನೈಲ್ ಪಾಲಿಶ್ ಇಸಿದುಕೊಂಡು ವೋಲ್ಟೇಜ್ ನಾಬಿನ ನೆತ್ತಿಗೆ ಕೆಂಪು ಗುರುತು ಹಾಕಿದೆ. "ಇವತ್ತಿನಿಂದ ಈ ಗುರುತು ಬಿಟ್ಟು ಒಂದು ಕೂದಲೆಳೆಯಷ್ಟೂ ಅಲುಗಬಾರದು!" ಎಂದು ಘೋಷಿಸಿದೆ. ಶೆಡ್ಡಿನಲ್ಲಿ ಇದ್ದವರು ನಾನು, ಅವಳು ಇಬ್ಬರೇ. ಆದರೂ ಘೋಷಣೆ ಘೋಷಣೆಯೇ.

ಮಧ್ಯಾಹ್ನದವರೆಗೆ ಕೆಲಸ ಹೂವೆತ್ತಿದಂತೆ ಸಾಗಿತು. ನಾಲ್ಕಾರು ಪೈಪು ಮುಗಿದವು. ಊಟ ಮಾಡಿ ಬರುವಷ್ಟರಲ್ಲಿ ಆಕಾಶ ಕಪ್ಪಾಗಿ, ಧೋ ಎಂದು ಮಳೆ ಸುರಿಯಿತು. ನನಗೆ ಖುಷಿಯೋ ಖುಷಿ. ಶುಭ ಸೂಚನೆ ಎಂದುಕೊಂಡು ಮುಖಕ್ಕೆ ಕಪ್ಪು ಗಾಜಿನ ಮಾಸ್ಕ್ ಏರಿಸಿ ಕೂತೆ.

ಆಗ ಸರೋಜ ಬಾಗಿಲಲ್ಲಿ ಬಂದು ನಿಂತು ಕೇಳಿದಳು. "ರೀ, ಮಳೆ ಬಂತಲ್ಲ, ಎಲ್ರೂ ಮೋಟರ್ ನಿಲ್ಸಿರ್ಬೇಕು. ಬಲ್ಬ್ ಫಳಫಳ ಅಂತಿದೆ. ಈಗ ಮಿಕ್ಸಿ ಹಾಕ್ಕೋಬೋದಾ?"

ನಾನು ಮಾಸ್ಕ್ ಎತ್ತಿ ಬಲ್ಬ್ ನೋಡಿದೆ. ಮದುವೆಮನೆಯ ದೀಪದ ಹಾಗೆ ಉರಿಯುತ್ತಿತ್ತು. ಕಲಿಸಿದ ಪಾಠ ಶಿಷ್ಯೆಗೆ ಹತ್ತಿತಲ್ಲ ಎಂದು ಹೆಮ್ಮೆಯಾಯಿತು.

"ಧಾರಾಳವಾಗಿ ಹಾಕ್ಕೋ! ನೋಡಿದ್ಯಾ, ಈಗ ವೋಲ್ಟೇಜ್ ಭರ್ತಿ ಇದೆ" ಎಂದು ಅಪ್ಪಣೆ ಕೊಟ್ಟು, ಮಾಸ್ಕ್ ಇಳಿಸಿ, ಅದೇ ಕೆಂಪು ಗುರುತಿನ ಮೇಲೆ ವೆಲ್ಡಿಂಗ್ ಶುರು ಮಾಡಿದೆ.

ತೂತು ಬಿತ್ತು.

ಸಣ್ಣ ತೂತು. ಇರಲಿ, ಕೈ ನಿಧಾನವಾಯಿತೇನೋ ಎಂದು ಅದರ ಮೇಲೆಯೇ ಇನ್ನಷ್ಟು ತಂತಿ ಸುರಿದೆ. ತೂತು ನಾಲ್ಕಾಣೆ ಅಗಲದಿಂದ ಎಂಟಾಣೆ ಅಗಲವಾಯಿತು. ಒಂದು ಚೂರು ತಗಡಿಟ್ಟು ತೇಪೆ ಹಾಕಿದೆ. ತೇಪೆಗೂ ತೂತು ಬಿತ್ತು!

ತಂತಿ ಹೆಚ್ಚಾಯಿತೆಂದು ವೇಗ ಕಡಿಮೆ ಮಾಡಿದೆ. ತಂತಿ ಹಿಂದಕ್ಕೇ ಸುಟ್ಟುಕೊಂಡು ಹೋಗಿ ಗನ್ನಿನ ಮೂತಿಗೆ ಅಂಟಿ ಕೂತಿತು. ಮೂತಿ ಬದಲಿಸಿ ವೇಗ ಜಾಸ್ತಿ ಮಾಡಿದೆ. ಪೈಪಿನ ಒಳಗೆ ಕಬ್ಬಿಣದ ಗೊಂಚಲುಗಳು ತೂಗಿದವು. ಗ್ಯಾಸ್ ಸಿಲಿಂಡರನ್ನು ಬೈದೆ. ತಗಡು ಕೊಟ್ಟ ಅಂಗಡಿಯವನನ್ನು ಬೈದೆ. ಯಾರದೋ ಕಣ್ಣು ತಾಗಿತೆಂದು ಇನ್ನೊಂದು ನಿಂಬೆಹಣ್ಣು ನಿವಾಳಿಸಿದೆ. ವೋಲ್ಟೇಜ್ ನಾಬ್ ಒಂದನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೆ ಗುರುತು ಹಾಕಿಯಾಗಿತ್ತಲ್ಲ! ಪೂಜೆ ಮಾಡಿ, ಸಮಿತಿ ಒಪ್ಪಿ, ನೈಲ್ ಪಾಲಿಶ್ ಬಿದ್ದ ನಾಬನ್ನು ಅನುಮಾನಿಸುವುದು ಹೇಗೆ?

ಬೆಳಗಿನಂತೆ ಸಮಿತಿ ಕಿವಿಗೊಟ್ಟಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿತ್ತು. ಆದರೆ ಸಮಿತಿ ನನ್ನ ಅಪ್ಪಣೆ ಪಡೆದು ಮಿಕ್ಸಿ ಹಾಕಿಕೊಂಡು ಕೂತಿತ್ತು. ದೋಸೆ ಹಿಟ್ಟು, ಖಾರದ ಪುಡಿ, ವಾರದ ಬಾಕಿಯೆಲ್ಲ ಅವತ್ತೇ ರುಬ್ಬಿಬಿಟ್ಟಳು.

ಹೊತ್ತು ಇಳಿಯುವಷ್ಟರಲ್ಲಿ ಪೈಪುಗಳೆಲ್ಲ ಮುಗಿದವು, ಅಥವಾ ನಾನು ಮುಗಿದೆ. ಕಣ್ಣಿಗೆ ಕಂಡ ತೂತನ್ನೆಲ್ಲ ಮುಚ್ಚಿದ್ದೇನೆಂದೇ ನಂಬಿದ್ದೆ. ಮೇಲೆ ಬೆಳ್ಳಿ ಬಣ್ಣ ಬಳಿದೆ. ದೇವಸ್ಥಾನದ ಗರುಡಗಂಬದ ಹಾಗೆ ಹೊಳೆದವು. ಟೆಂಪೋದಲ್ಲಿ ಹಾಕಿಕೊಂಡು ನಾನು, ಸರೋಜ ಹೊರಟೆವು.

ಮಾವನವರ ಜಗಲಿಯ ಮೇಲೆ ಹಸಿರು ಸೊಪ್ಪಿನ ಕಡ್ಡಿಗಳು ಸಾಲಾಗಿ ಕಾಯುತ್ತಿದ್ದವು. ವರ್ಷದ ದುಡಿಮೆಯೆಲ್ಲ ಅಲ್ಲೇ ತಲೆ ಕೆಳಗಾಗಿ ತೂಗುತ್ತಿತ್ತು. ಮಾವನವರು ಪೈಪನ್ನು ಕೈಯಿಂದ ಸವರಿ, "ಏನ್ ವಳಪು! ಏನ್ ವಳಪು!" ಎಂದರು. ಅಕ್ಕಪಕ್ಕದ ಬ್ಯಾರನ್ನಿನವರನ್ನು ಕರೆದು ತೋರಿಸಿದರು. "ನಮ್ಮಳಿಯಂದ್ರು ಮಿಷಿನ್ನಲ್ಲೇ ಮಾಡವ್ರೆ. ಮಣ್ಣುಗಿಣ್ಣು ಏನೂ ಇಲ್ಲ!"

ಬ್ಯಾರನ್ನಿನೊಳಗೆ ಪೈಪು ಜೋಡಿಸಿದರು. ಸೊಪ್ಪು ಏರಿಸುವ ಮೊದಲು ಒಮ್ಮೆ ಬೆಂಕಿ ಹಾಕಿ ನೋಡುವುದು ಅವರ ರೂಢಿ. ಒಲೆ ಹೊತ್ತಿಸಿದರು. ನಾನು ಹೊರಗೆ ನಿಂತು ಹೊಗೆಗೂಡಿನ ತುದಿ ನೋಡುತ್ತಿದ್ದೆ. ಅಲ್ಲಿ ಏನೂ ಬರಲಿಲ್ಲ. ಬಾಗಿಲಿನಿಂದ ಬಂತು!

ಒಳಗೆ ಇಣುಕಿದೆ. ಬೆಳ್ಳಿ ಬಣ್ಣ ಸುಟ್ಟು ಕರಿಯಾಗಿ, ಅದು ಮುಚ್ಚಿದ್ದ ತೂತುಗಳೆಲ್ಲ ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ಪ್ರತಿಯೊಂದರಿಂದಲೂ ಹೊಗೆ. ಕೆಲವು ಕಡೆ ಕಿಡಿ. ಎಲ್ಲರೂ ಕೆಮ್ಮುತ್ತಾ ಆಚೆ ಓಡಿ ಬಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಜಗಲಿಯ ಮೇಲಿನ ಸೊಪ್ಪು, ಗುಜರಿಗೆ ಹೋದ ಹಳೆಯ ಪೈಪು, ಬೆಳಗಾದರೆ ಸೊಪ್ಪು ಕಪ್ಪಾಗುತ್ತದೆಂಬ ಮಾತು, ಎಲ್ಲ ಒಟ್ಟಿಗೆ ನೆನಪಾಯಿತು.

ಮಾವನವರು ಕಣ್ಣು ಒರೆಸಿಕೊಳ್ಳುತ್ತಾ ನನ್ನ ಪಕ್ಕ ಬಂದು ನಿಂತರು. ಆಗಲೂ ವ್ರತ ಬಿಡಲಿಲ್ಲ.

"ಒಸಿ ಒಗೆ ಬತ್ತಾ ಅದೆ, ಅಷ್ಟೇಯ ಅಳಿಯಂದ್ರೇ. ಪೈಪ್ ಬಾಳ ಚೆಂದಾಗದೆ."

ನಾಲ್ಕು ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು!

ಆಮೇಲೆ ಅವರು ಒಲೆ ಆರಿಸಿ, ಪಂಚೆ ಎತ್ತಿ ಕಟ್ಟಿ, ಕೆರೆಯಂಗಳದಿಂದ ಜೇಡಿಮಣ್ಣು ತರಿಸಿದರು. ಅತ್ತೆಯವರು ಕೊಟ್ಟಿಗೆಯಿಂದ ಸಗಣಿ ತಂದರು. ಕಲಸಿ, ತುಳಿದು, ಮನೆಮಂದಿಯೆಲ್ಲ ಪೈಪಿನ ಸುತ್ತ ಕೂತು ಮೆತ್ತತೊಡಗಿದೆವು. ಸೂಜಿ ತೂರದ ಪೈಪಿಗೆ ನಾನೇ ಮೊಣಕೈತನಕ ಮಣ್ಣು ಮಾಡಿಕೊಂಡು ಬೆರಳು ತೂರಿಸಿ ತೂರಿಸಿ ತೂತು ಮುಚ್ಚಿದೆ.

ಸರೋಜ ಪಕ್ಕದಲ್ಲಿ ಮೆತ್ತುತ್ತಾ ಮೆಲ್ಲಗೆ ಕೇಳಿದಳು. "ರೀ, ಬೆಳಿಗ್ಗೆ ಚೆನ್ನಾಗೇ ಬೇಯ್ತಿತ್ತಲ್ಲ, ಆಮೇಲೆ ಯಾಕ್ರೀ ಹಿಂಗೆ ಸೀದೋಯ್ತು?"

ನಾನು ಉತ್ತರಕ್ಕಾಗಿ ತಲೆ ಎತ್ತಿದೆ. ಬ್ಯಾರನ್ನಿನ ಸೂರಿನಲ್ಲಿ ಬಲ್ಬ್ ಫಳಫಳ ಉರಿಯುತ್ತಿತ್ತು. ನನ್ನ ಕೈ ಹಾಗೇ ನಿಂತಿತು.

"ಸರೋಜಾ... ಬೆಳಿಗ್ಗೆ ಮೋಟರ್‌ಗಳೆಲ್ಲ ಓಡ್ತಿದ್ವು. ವೋಲ್ಟೇಜ್ ಇರಲಿಲ್ಲ. ಅದಕ್ಕೇ ನಾಬ್ ಕಡೇ ಮೆಟ್ಟಿಲಿಗೆ ಹೋಗಬೇಕಾಯ್ತು. ಮಳೆ ಬಂತು, ಮೋಟರ್ ನಿಂತ್ವು, ಲೈನ್‌ನಲ್ಲಿ ಕರೆಂಟ್ ಭರ್ತಿ ಬಂತು. ನಾಬ್ ಮಾತ್ರ ಅಲ್ಲೇ..."

ಅವಳು ಮಣ್ಣಿನ ಕೈಯನ್ನು ಸೊಂಟದ ಮೇಲಿಟ್ಟುಕೊಂಡಳು. "ಅಯ್ಯೋ ನಿಮ್ಮ! ನಾನು ಬಂದು ಕೇಳ್ಲಿಲ್ವೇನ್ರೀ? ಬಲ್ಬ್ ನೋಡಿ ಮಿಕ್ಸಿಗೆ ನೀವೇ ಪರ್ಮಿಷನ್ ಕೊಟ್ರಿ!"

"ಕೊಟ್ಟೆ."

"ನಮ್ಮ ಮಿಕ್ಸಿ ಕಾಯಿಲ್ ಉಳೀತು ಬಿಡಿ" ಎಂದು ಅವಳು ನಗಲಿಕ್ಕೆ ಶುರು ಮಾಡಿದಳು. ಅತ್ತೆಯವರು ಯಾಕೆಂದು ಕೇಳಿ, ತಿಳಿದು, ಸೆರಗು ಬಾಯಿಗಿಟ್ಟುಕೊಂಡು ಗೋಡೆ ಕಡೆ ತಿರುಗಿದರು. ಮಾವನವರು ಮಾತ್ರ ಗಂಭೀರವಾಗಿ, "ಸುಮ್ಕಿರ್ರವ್ವಾ, ಅವರ್ಗೂ ದಣಿವಾಗದೆ" ಎಂದರು.

ಬೆಳಿಗ್ಗೆ ಸಣ್ಣ ಬೆಂಕಿಗೆ ಮಣ್ಣು ಒಣಗಿತು. ಹೊಗೆಗೂಡಿನ ತುದಿಯಲ್ಲಿ ನೆಟ್ಟಗೆ ಹೊಗೆ ಎದ್ದಾಗ ನನ್ನ ಕಣ್ಣಲ್ಲಿ ನೀರು ಬಂತು, ಈ ಸಲ ಹೊಗೆಯಿಂದಲ್ಲ. ಸೊಪ್ಪು ಏರಿಸಿದರು. ಬೆಂದು ಕೆಳಗಿಳಿದಾಗ ನಿಂಬೆ ಬಣ್ಣಕ್ಕೆ ಬಂದಿತ್ತು. ಹರಾಜು ಕಟ್ಟೆಯಲ್ಲಿ ಯಾರೂ ಕೊಂಕು ತೆಗೆಯಲಿಲ್ಲವಂತೆ.

ಮುಂದಿನ ವರ್ಷ ಇನ್ನು ನನ್ನ ಕಡೆ ಮುಖ ಹಾಕುವುದಿಲ್ಲ, ಹೊಳೆನರಸೀಪುರಕ್ಕೇ ಹೋಗುತ್ತಾರೆ ಎಂದುಕೊಂಡಿದ್ದೆ. ಅಷ್ಟರಲ್ಲಿ ನಾನೂ ಸುಧಾರಿಸಿದ್ದೆ. ಕೆಂಪು ಗುರುತು ಕೆರೆದು ತೆಗೆದು, ಶೆಡ್ಡಿನಲ್ಲಿ ನನ್ನ ಮೂಗಿನ ಮುಂದೆಯೇ ಒಂದು ಬಲ್ಬ್ ತೂಗುಹಾಕಿಕೊಂಡಿದ್ದೆ. ಅದರ ಬೆಳಕು ನೋಡಿ ನಾಬ್ ತಿರುಗಿಸಿ, ಚೂರು ತಗಡಿನ ಮೇಲೆ ಸದ್ದು ಕೇಳಿ, ಆಮೇಲೆ ಮಾಲು ಮುಟ್ಟುತ್ತಿದ್ದೆ. ಕೆಲಸ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದನ್ನು ಮಾವನವರಿಗೆ ಯಾವ ಬಾಯಲ್ಲಿ ಹೇಳಲಿ?

ಒಂದು ಬೆಳಿಗ್ಗೆ ಅವರ ಟ್ರ್ಯಾಕ್ಟರ್ ಶೆಡ್ಡಿನ ಮುಂದೆ ಬಂದು ನಿಂತಿತು. ಡ್ರೈವರ್ ಪೈಪಿಗೆಂದು ಹೊಸ ತಗಡು ಇಳಿಸಿದ. ಎರಡನೇ ಬ್ಯಾರನ್ ಕಟ್ಟಿಸಿದ್ದಾರಂತೆ, ಅದಕ್ಕೂ ಪೈಪು ಅಳಿಯಂದಿರೇ ಮಾಡಬೇಕಂತೆ. ಎಂಥ ದೊಡ್ಡ ಮನಸ್ಸು! ಸರೋಜಳನ್ನು ಕೂಗಿ ಕರೆದು, "ನೋಡೇ, ನಿಮ್ಮಪ್ಪನಿಗೆ ನನ್ನ ಮೇಲೆ ಎಂಥ ನಂಬಿಕೆ!" ಎಂದೆ.

ಅಷ್ಟರಲ್ಲಿ ಡ್ರೈವರ್ ತಗಡಿನ ಹಿಂದಿನಿಂದ ದೊಡ್ಡ ಮಂಕರಿಯೊಂದನ್ನು ಉಸ್ಸಪ್ಪಾ ಎಂದು ಹೊತ್ತು ತಂದು ನನ್ನ ಮಿಷನ್ನಿನ ಪಕ್ಕದಲ್ಲಿಟ್ಟ. ತುಂಬ ಜೇಡಿಮಣ್ಣು. ಜರಡಿ ಹಿಡಿದು, ಒಂದು ಕಲ್ಲೂ ಇಲ್ಲದಂತೆ ಆರಿಸಿ ಕಳಿಸಿದ್ದರು.

"ಯಜಮಾನ್ರು ಏಳವ್ರೆ ಸಾ," ಎಂದ ಡ್ರೈವರ್, "ಮಣ್ಣು ಸಾಕಾಗ್ದಿದ್ರೆ ಇನ್ನೊಂದ್ ಮಂಕ್ರಿ ಕಳ್ಸ್ತಾರಂತೆ. ಸಗಣಿ ಮಾತ್ರ ಅಳಿಯಂದ್ರೇ ನೋಡ್ಕಬೇಕಂತೆ!"